ತೇಲಿದ ಕರಡಿಗೆ

ಅಂಕೋಲೆ ಬಿಟ್ಟು ಎರಡು ತಾಸಾದರೂ ಮಹಾರುದ್ರಪ್ಪ ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಹಿಂದಿನ ಸೈಕಲ್ಲಿನ ಚೈನು ಪ್ರತಿ ಸುತ್ತಿಗೊಮ್ಮೆ ಕಿರ್ ಎನ್ನುತ್ತಿತ್ತು. ಅಂದರೆ ದೇವಿದಾಸ ಇದ್ದಾನೆ, ನಿನ್ನೆ ಇದ್ದ ಹಾಗೇ, ಹತ್ತು ಮಾರು ಹಿಂದೆ. ಹುಮನಾಬಾದಿನ ಒಂದೇ ಹೈಸ್ಕೂಲಿನ ಏಳು ಮಂದಿ ಮಾಸ್ತರರು ದಸರೆಯ ರಜೆಯಲ್ಲಿ ಸಮುದ್ರ ನೋಡಲು ಹೊರಟಿದ್ದರು. ಕಾರವಾರದವರೆಗೆ ಟೆಂಪೋದ ಮೇಲೆ ಸೈಕಲ್ಲು ಹೇರಿಕೊಂಡು ಬಂದು, ಅಲ್ಲಿಂದ ಮುರುಡೇಶ್ವರದವರೆಗೆ ಮೂರು ದಿನ ದಂಡೆಗುಂಟ ತುಳಿಯುವುದು. ಇದೆಲ್ಲ ಪಿ.ಟಿ. ಮಾಸ್ತರ ಗುರುಶಾಂತನ ತಲೆಯಿಂದ ಬಂದದ್ದು. ಬಸವಕಲ್ಯಾಣದ ಆ ಮನುಷ್ಯನಿಗೆ ರಜೆಯಲ್ಲೂ ಕೊರಳಲ್ಲಿ ಸೀಟಿ ಇರದಿದ್ದರೆ ಉಸಿರಾಡಲು ಬರುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಯಾರೂ ಯಾರನ್ನೂ ದಾಟಬಾರದು, ಕೊನೆಯವನ ಹತ್ತಿರ ಪಂಪು ಮತ್ತು ಪಂಕ್ಚರ್ ಸಾಮಾನು ಇರಬೇಕು, ಅವನು ಯಾರನ್ನೂ ಬಿಟ್ಟು ಮುಂದೆ ಹೋಗಕೂಡದು ಎಂದು ಅವನು ನಿಯಮ ಮಾಡಿದ. ಕೊನೆಯವನು ಯಾರು ಎಂದು ಕೇಳಬೇಕಾಗಿರಲಿಲ್ಲ; ದೇವಿದಾಸ ತಾನೇ ಪಂಪನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗಿ ಹಿಂದೆ ನಿಂತಿದ್ದ. ಐವತ್ತೊಂದರ ಮೊಣಕಾಲು ಮಹಾರುದ್ರಪ್ಪನನ್ನು ಮೊದಲ ತಾಸಿನಲ್ಲೇ ಸಾಲಿನ ತುದಿಗೆ ಇಳಿಸಿತು. ಹಾಗಾಗಿ ಏಳು ಮಂದಿಯಲ್ಲಿ ಇವರಿಬ್ಬರೇ ಒಬ್ಬರಿಗೊಬ್ಬರು ಅಂಟಿಕೊಂಡರು, ಒಂದು ಮಾತೂ ಇಲ್ಲದೆ.

ಎಡಗಡೆ ಗುಡ್ಡ, ಬಲಗಡೆ ಗಾಳಿಮರಗಳ ಸಂದಿಯಲ್ಲಿ ಆಗಾಗ ಬಂದು ಹೋಗುವ ನೀರು. ನಿನ್ನೆ ಕಾರವಾರದಲ್ಲಿ ಮೊದಲ ಸಲ ಸಮುದ್ರ ಕಂಡಾಗ ಉಳಿದವರೆಲ್ಲ ಹುಡುಗರ ಹಾಗೆ ಕೂಗಿದ್ದರು. ಮಹಾರುದ್ರಪ್ಪನಿಗೆ ಮಾತ್ರ ಭಯವಾಯಿತು. ಇಷ್ಟು ಬಯಲು ಅವನು ಕಂಡಿರಲಿಲ್ಲವೆಂದಲ್ಲ. ಬೀದರ ಸೀಮೆಯ ಬಯಲೇನು ಕಡಿಮೆಯೇ. ಆದರೆ ಅಲ್ಲಿ ಒಂದು ಬೇವಿನ ಮರವಾದರೂ ಇರುತ್ತದೆ, ಅದಕ್ಕೆ ಬೆನ್ನು ಕೊಟ್ಟು ಕೂತರೆ ಒಂದು ಕಡೆಯಾದರೂ ಮುಚ್ಚಿರುತ್ತದೆ. ಇಲ್ಲಿ ಬೆನ್ನು ಕೊಡಲು ಏನೂ ಇಲ್ಲ. ಎಂಟು ವರ್ಷದಿಂದ ಅವನು ಎಲ್ಲಿ ಹೋದರೂ ಮೊದಲು ಹುಡುಕುವುದು ಒಂದು ಮೂಲೆಯನ್ನು. ಬಾಗಿಲಿಗೆ ಬೆನ್ನು ಮಾಡಿ ಕೂತು, ಎಡಗೈಯನ್ನು ಎದೆಯ ಹತ್ತಿರ ತಂದು, ಬರಿದಾದ ಅಂಗೈಗೆ ವಿಭೂತಿ ಹಚ್ಚಿ, ಹೆಂಡತಿ ಮೀರಾಬಾಯಿ ಹೊಸ್ತಿಲಾಚೆಯಿಂದ ಇಟ್ಟುಹೋದ ಬಿಲ್ವಪತ್ರೆಯನ್ನು ಆ ಬರಿ ಅಂಗೈಯ ಮೇಲಿಟ್ಟು ಕಣ್ಣು ಮುಚ್ಚಲು ಅವನಿಗೆ ಒಂದು ಮೂಲೆ ಬೇಕು. ಹುಟ್ಟಿದ ಹನ್ನೊಂದನೇ ದಿನ ಅಯ್ಯನವರು ಕೊರಳಿಗೆ ಕಟ್ಟಿದ ಲಿಂಗ, ಸತ್ತಾಗ ಕೈಯಲ್ಲೇ ಇಟ್ಟು ಮಣ್ಣು ಮಾಡಬೇಕಾದ ಲಿಂಗ, ಅವನ ಹತ್ತಿರ ಇಲ್ಲ. ಅದನ್ನಿಡುವ ಬೆಳ್ಳಿಯ ಕರಡಿಗೆ ಮಾತ್ರ ಶಿವದಾರದಲ್ಲಿ ಎದೆಯ ಮೇಲೆ ತೂಗುತ್ತದೆ. ಪೆಡಲ್ ತುಳಿದಾಗಲೊಮ್ಮೆ ಅದು ಅಂಗಿಯೊಳಗೆ ಎದೆಗೆ ಬಡಿಯುತ್ತಿತ್ತು. ಒಳಗೆ ಏನೂ ಇಲ್ಲದ್ದಕ್ಕೆ ಸದ್ದೂ ಇಲ್ಲ. ಆದರೂ ಹಿಂದಿನವನಿಗೆ ಕೇಳಿಸುತ್ತಿದೆ ಎಂದೇ ಅವನಿಗೆ ಅನಿಸುತ್ತಿತ್ತು.

ಈ ಬೆಳಗ್ಗೆ ಅಂಕೋಲೆಯ ಶಾಲೆಯ ಕೋಣೆಯಲ್ಲಿ ಸಿಕ್ಕಿಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಐದು ಮಂದಿ ಮಿಂದು, ಸಾಲಾಗಿ ಗೋಡೆಗೆ ಕೂತು ಪೂಜೆಗೆ ಅಣಿಯಾಗಿದ್ದರು. "ಬರ್ರಿ ಸರ್, ಇಲ್ಲಿ ಜಾಗ ಅದ," ಎಂದು ಗುರುಶಾಂತ ತನ್ನ ಪಕ್ಕದ ಚಾಪೆ ತಟ್ಟಿದ. "ನಂದು ಆತ್ರಿ, ನಸುಕಿನ್ಯಾಗೇ ಬಾವಿ ಕಟ್ಟೀಮ್ಯಾಲ ಮುಗಿಸೇನಿ," ಎಂದ ಮಹಾರುದ್ರಪ್ಪ. ಗುರುಶಾಂತ ಮೆಚ್ಚುಗೆಯಿಂದ ಉಳಿದವರ ಕಡೆ ನೋಡಿ, "ನೋಡ್ರಿ, ಹಿರ್ಯಾರು ಅಂದ್ರ ಹಿಂಗಿರಬೇಕು," ಎಂದ. ಬಾಗಿಲಲ್ಲಿ ಕೂತು ಸೈಕಲ್ಲಿನ ಬ್ರೇಕು ಬಿಗಿಯುತ್ತಿದ್ದ ದೇವಿದಾಸ ತಲೆಯೆತ್ತಲಿಲ್ಲ. ನಸುಕಿನಲ್ಲಿ ಬಾವಿ ಕಟ್ಟೆಯ ಮೇಲೆ ಇದ್ದವನು ಅವನು. ಹಲ್ಲುಜ್ಜುತ್ತಿದ್ದ. ಮಹಾರುದ್ರಪ್ಪ ಆಗ ಗೊರಕೆ ಹೊಡೆಯುತ್ತಿದ್ದ.

ದೇವಿದಾಸನದು ಇದೇ ತೊಂದರೆ. ತಲೆಯೆತ್ತುವುದಿಲ್ಲ. ಎಂಟು ವರ್ಷದ ಹಿಂದೆಯೂ ಎತ್ತಿರಲಿಲ್ಲ. ಘಾಟಬೋರಾಳದಿಂದ ವಿಜ್ಞಾನದ ಮಾಸ್ತರನಾಗಿ ಬಂದು ಅವನಿಗೆ ಆಗ ಇನ್ನೂ ತಿಂಗಳಾಗಿರಲಿಲ್ಲ. ಸ್ಟಾಫ್ ರೂಮಿನ ಅಲಮಾರಿಯ ಮೇಲಿಂದ ಹಾಜರಿ ಪುಸ್ತಕ ತೆಗೆಯಲು ಮಹಾರುದ್ರಪ್ಪ ಕೈ ಚಾಚಿದಾಗ ಹಳೆಯ ಶಿವದಾರ ಹರಿದು ಕರಡಿಗೆ ಕೆಳಗೆ ಬಿತ್ತು, ಮುಚ್ಚಳ ಬಿಚ್ಚಿತು, ಲಿಂಗ ಉರುಳಿ ಹೋಗಿ ಹೊಸ ಮಾಸ್ತರನ ಕುರ್ಚಿಯ ಕೆಳಗೆ ನಿಂತಿತು. ದೇವಿದಾಸ ತಟ್ಟನೆ ಬಗ್ಗಿ, ಎರಡೂ ಕೈಯಲ್ಲಿ ಅದನ್ನೆತ್ತಿ, ಕಣ್ಣಿಗೊತ್ತಿಕೊಂಡು, ಮುಂದೆ ಹಿಡಿದ. ಕೋಣೆಯಲ್ಲಿದ್ದ ಎಲ್ಲರೂ ನೋಡುತ್ತಿದ್ದರು; ಹೊಸ ಮಾಸ್ತರ ಯಾವ ಕೇರಿಯವನೆಂದು ಎಲ್ಲರಿಗೂ ಗೊತ್ತಿತ್ತು. ಮಹಾರುದ್ರಪ್ಪ ಕೈ ಚಾಚಲಿಲ್ಲ, ಕರವಸ್ತ್ರ ಚಾಚಿದ. ಅದರಲ್ಲಿ ಇಸಿದುಕೊಂಡು, "ಬಂದೆ," ಎಂದು ಯಾರಿಗೋ ಹೇಳಿ, ಅಂಗಳದ ನಳಕ್ಕೆ ಹೋಗಿ ತೊಳೆಯತೊಡಗಿದ. ನಂಬಿಕೆಯಿಂದ ತೊಳೆದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಅದೂ ಸುಳ್ಳು. ಕಲ್ಯಾಣದ ನೆಲದವರು ನಾವು, ಮೇಲು ಕೀಳು ನಮ್ಮಲ್ಲಿಲ್ಲ ಎಂದು ಪ್ರತಿ ಬಸವ ಜಯಂತಿಗೆ ಭಾಷಣ ಮಾಡುವವನು ಅವನೇ, ಅದನ್ನು ನಂಬಿದವನೂ ಹೌದು. ಐದಾರು ಜನ ನೋಡುತ್ತಿದ್ದಾರೆ, ಸುಮ್ಮನೆ ಕೊರಳಿಗೆ ಹಾಕಿಕೊಂಡರೆ ಏನಂದುಕೊಳ್ಳುತ್ತಾರೋ ಎಂದು ತೊಳೆದ, ಅಷ್ಟೇ. ಒದ್ದೆ ಬೆರಳಿನಿಂದ ಲಿಂಗ ಜಾರಿತು. ಕಲ್ಲು ಮುಚ್ಚಿದ ಚರಂಡಿಯ ತೂತಿನಲ್ಲಿ ಒಂದು ಸಣ್ಣ ಸದ್ದಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಹುಡುಗರು ಹೊರಬಿದ್ದರು. ಅವನು ಕರಡಿಗೆಯನ್ನು ಮುಚ್ಚಿ, ದಾರಕ್ಕೆ ಗಂಟು ಹಾಕಿ, ಕೊರಳಿಗೆ ಹಾಕಿಕೊಂಡು ಒಳಗೆ ಬಂದ. ದೇವಿದಾಸ ನೋಟ್‌ಬುಕ್ ತಿದ್ದುತ್ತಿದ್ದ.

ಲಿಂಗ ಕಳೆದುಕೊಂಡವನು ನೀರು ಸಹ ಮುಟ್ಟಬಾರದು ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಆ ರಾತ್ರಿ ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮಲಗಿದ. ಮರುದಿನ ಅಂಗಳದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಚರಂಡಿಯ ಕಲ್ಲು ಸರಿಸಿ ನೋಡಿದರೆ ಕೆಸರು ಬಿಟ್ಟು ಏನಿಲ್ಲ. ಮಧ್ಯಾಹ್ನ ಮೀರಾಬಾಯಿ ಬಿಸಿ ಉಪ್ಪಿಟ್ಟು ತಂದಿಟ್ಟಳು. ಅದರ ವಾಸನೆಗೆ ಅವನ ಬಾಯಲ್ಲಿ ನೀರು ಬಂತು. ಇಡೀ ಎಂಟು ವರ್ಷದಲ್ಲಿ ಅವನಿಗೆ ಅತ್ಯಂತ ನಾಚಿಕೆಯ ಸಂಗತಿ ಯಾವುದೆಂದರೆ ಅದು: ತಾನು ಎರಡನೇ ಸಲ ಹಾಕಿಸಿಕೊಂಡು ತಿಂದದ್ದು. ಮಠಕ್ಕೆ ಹೋಗಿ ಹೊಸದನ್ನು ಕಟ್ಟಿಸಿಕೊಳ್ಳಬಹುದಿತ್ತು. ಹೇಗೆ ಹೋಯಿತು ಎಂದು ಸ್ವಾಮಿಗಳು ಕೇಳುತ್ತಾರೆ. ತೊಳೆಯುವಾಗ ಎನ್ನಬೇಕು. ಯಾಕೆ ತೊಳೆಯುತ್ತಿದ್ದೆ ಎನ್ನುತ್ತಾರೆ. ಮೂರು ಸಲ ಮಠದ ಮೆಟ್ಟಿಲವರೆಗೆ ಹೋಗಿ ಚಪ್ಪಲಿ ಬಿಡದೆ ಮರಳಿದ್ದ. ಎಂಟು ಬಸವ ಜಯಂತಿಗಳು ಬಂದವು, ಎಂಟು ಭಾಷಣಗಳಾದವು. ದೇವಿದಾಸ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು, ಎಲ್ಲರ ಚಪ್ಪಾಳೆ ನಿಂತ ಮೇಲೂ ಒಂದೆರಡು ಹೆಚ್ಚು ತಟ್ಟುತ್ತಿದ್ದ. ಅದು ಮರ್ಯಾದೆಯೋ ಚೇಷ್ಟೆಯೋ ಇಂದಿಗೂ ತಿಳಿದಿಲ್ಲ. ತನ್ನ ಮದುವೆಗೆ ಕರೆದ, ಮಗನ ಹೆಸರಿಡಲು ಕರೆದ. ಎರಡು ಸಲವೂ ಮಹಾರುದ್ರಪ್ಪ ಉಡುಗೊರೆಯನ್ನು ಬೇರೆಯವರ ಕೈಯಲ್ಲಿ ಕಳಿಸಿದ. ಆಮೇಲೆ ದೇವಿದಾಸ ಕರೆಯುವುದು ಬಿಟ್ಟ.

ಮುಂದೆ ಸೀಟಿ ಊದಿತು. ಕುಮಟಾ ದಾಟಿ ಸುಮಾರು ದೂರ ಬಂದಿದ್ದರು. ಗಾಳಿಮರಗಳ ನಡುವೆ ಒಂದು ಮಣ್ಣಿನ ದಾರಿ ನೀರಿಗೆ ಇಳಿದಿತ್ತು. "ಜಳಕ!" ಎಂದು ಗುರುಶಾಂತ ಕೂಗಿದ. ಎಲ್ಲರೂ ಸೈಕಲ್ಲು ಕೆಡವಿ ಅಂಗಿ ಕಳಚಿದರು. ಮಹಾರುದ್ರಪ್ಪ ಮರದ ಬುಡದಲ್ಲಿ ಕೂತು ಮೊಣಕಾಲು ತಿಕ್ಕಿಕೊಂಡ. ಗುರುಶಾಂತ ಬಿಡುವ ಆಸಾಮಿಯಲ್ಲ. "ಏನ್ರಿ ಸರ್, ಹುಮನಾಬಾದಿನಿಂದ ಇಷ್ಟು ದೂರ ಬಂದು ಕಾಲು ತೋಯಿಸದ ಹೋಗ್ತೀರೇನ್ರಿ? ಏಳ್ರಿ!" ಎಂದು ರಟ್ಟೆ ಹಿಡಿದು ಎಬ್ಬಿಸಿಯೇ ಬಿಟ್ಟ. ಅಂಗಿ ಬನಿಯನ್ನು ಕಳಚಿದಾಗ ತನ್ನ ಜೋಲು ಹೊಟ್ಟೆ, ಬಿಳಿ ಕೂದಲಿನ ಎದೆ, ಅದರ ಮೇಲೆ ಬಿಸಿಲಿಗೆ ಹೊಳೆಯುವ ಕರಡಿಗೆ ಇಷ್ಟೂ ಒಮ್ಮೆಲೇ ಬಯಲಿಗೆ ಬಿದ್ದು ಅವನಿಗೆ ಅಳು ಬಂದಂತಾಯಿತು. "ಶಿವದಾರ ಬಿಗಿ ಅದ ಇಲ್ರಿ? ಜ್ವಾಕಿ," ಎಂದು ಗುರುಶಾಂತ ಓಡಿದ. ಅವರೆಲ್ಲ ಚೆಂಡು ಎಸೆದಾಡುತ್ತ ಬಹಳ ಆಚೆ ಹೋದರು. ದೇವಿದಾಸ ನೀರಿಗಿಳಿಯಲಿಲ್ಲ. ಪ್ಯಾಂಟು ಮಡಚಿ, ಎಲ್ಲರ ಕೈಗಡಿಯಾರಗಳನ್ನು ಟೋಪಿಯಲ್ಲಿ ಹಾಕಿಕೊಂಡು, ದಂಡೆಯಲ್ಲಿ ಕಾವಲು ನಿಂತ.

ಸೊಂಟದಷ್ಟು ನೀರಿಗೆ ಹೋಗಿ ನಿಂತಾಗ ಕಾಲ ಕೆಳಗಿನ ಮರಳು ಸರಿಯಿತು. ತಣ್ಣಗಿರಬಹುದು ಎಂದುಕೊಂಡಿದ್ದ ನೀರು ಬೆಚ್ಚಗಿತ್ತು. ಹಿಡಿಸಿತು. ಎಷ್ಟೋ ವರ್ಷದ ಮೇಲೆ ಏನೋ ಒಂದು ಹಿಡಿಸಿತು ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಒಂದು ತೆರೆ ಬಂದು ತಲೆಯ ಮೇಲೆ ಮುರಿಯಿತು. ಮೂಗು ಬಾಯಲ್ಲೆಲ್ಲ ಉಪ್ಪು. ಕೆಮ್ಮುತ್ತ ಎದ್ದು ಎದೆ ಮುಟ್ಟಿಕೊಂಡರೆ ದಾರವಿಲ್ಲ. ಮೊದಲು ಅವನಿಗೆ ಬಂದದ್ದು ಸಮಾಧಾನ. ಹೋಯಿತು. ಸಮುದ್ರದಲ್ಲಿ ಹೋಯಿತು, ಎಲ್ಲರೂ ಜೊತೆಗಿರುವಾಗ, ಯಾರ ತಪ್ಪೂ ಇಲ್ಲದೆ. ಇನ್ನು ಮಠಕ್ಕೆ ಹೋಗಬಹುದು, ತಲೆಯೆತ್ತಿ ಹೇಳಬಹುದು, ಹೊಸದು ಕಟ್ಟಿಸಿಕೊಳ್ಳಬಹುದು. ಎಂಟು ವರ್ಷ ಇದೊಂದು ತನಗೆ ಯಾಕೆ ಹೊಳೆಯಲಿಲ್ಲ? ಹಾಗೆಂದುಕೊಂಡು ಕಣ್ಣೊರೆಸಿ ನೋಡಿದರೆ, ನಾಲ್ಕು ಮಾರು ಆಚೆ, ನೊರೆಯ ನಡುವೆ, ಕರಡಿಗೆ ತೇಲುತ್ತಿತ್ತು. ಲಿಂಗವಿದ್ದ ಕರಡಿಗೆ ಮುಳುಗುತ್ತದೆ. ಇದು ಬೆಂಡಿನ ಹಾಗೆ ಏಳುತ್ತ ಬೀಳುತ್ತ ದಂಡೆಯ ಕಡೆಗೇ ಬರುತ್ತಿತ್ತು.

ಟೋಪಿಯನ್ನು ಮರಳ ಮೇಲಿಟ್ಟು ದೇವಿದಾಸ ನೀರಿಗೆ ಬಂದ. ಬಟ್ಟೆ ಹಾಕಿಕೊಂಡೇ, ಎದೆಮಟ್ಟದವರೆಗೆ ಬಂದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹೋಗಿ ನಿಂತುಬಿಟ್ಟ. ಮುಟ್ಟಲಿಲ್ಲ. ಮಹಾರುದ್ರಪ್ಪನ ಕಡೆ ತಿರುಗಿದ.

"ಹಿಡೀಲೇನ್ರಿ ಸರ್?"

ಕೂಡಲೇ ಹೌದೆನ್ನಬೇಕಿತ್ತು. ಒಂದು ತೆರೆ ಬಂದು ಹೋಯಿತು. ಬಿಟ್ಟುಬಿಡಿ, ಹೋಗಲಿ ಎನ್ನಬೇಕೆಂದಿತ್ತು. ಹಾಗೆಂದರೆ ಇವನು ಮತ್ತೆ ಏನೆಂದು ತಿಳಿದುಕೊಳ್ಳುತ್ತಾನೆ ಎಂಬುದೂ ಗೊತ್ತಿತ್ತು. "ಹಿಡೀರಿ," ಎಂದ ಕೊನೆಗೆ. ದೇವಿದಾಸ ಹಿಡಿದ. ತಂದು ಕೊಟ್ಟ. ಈ ಸಲ ಮಹಾರುದ್ರಪ್ಪನ ಹತ್ತಿರ ಕರವಸ್ತ್ರವಿರಲಿಲ್ಲ, ಬರಿಗೈಯಲ್ಲಿ ಇಸಿದುಕೊಂಡ. ಅದು ಕೈಗೆ ಹಗುರವಾಗಿ ಬಂತು. ವಿಜ್ಞಾನದ ಮಾಸ್ತರನಿಗೆ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ಹೇಳಿಕೊಡಬೇಕೇ?

ಮತ್ತೆ ಸಾಲು ಹೊರಟಿತು. ಒದ್ದೆ ಬಟ್ಟೆಯ ದೇವಿದಾಸ ಹಿಂದೆ, ಚೈನಿನ ಕಿರ್ ಸದ್ದು ಹಾಗೇ. ಮಹಾರುದ್ರಪ್ಪ ಕರಡಿಗೆಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡಿದ್ದ. ಸುಳ್ಳುಗಳನ್ನು ಒಂದೊಂದಾಗಿ ಹೊಲಿಯುತ್ತಿದ್ದ: ಪ್ರವಾಸದಲ್ಲಿ ಕಳೆದೀತೆಂದು ಲಿಂಗವನ್ನು ಮನೆಯಲ್ಲಿಟ್ಟು ಬಂದೆ, ಅಲ್ಲ, ಮೇಲಿನ ಕರಿ ಲೇಪ, ಕಂತಿ, ಹೊಸದಾಗಿ ಹಚ್ಚಿಸಲು ಮಠಕ್ಕೆ ಕೊಟ್ಟಿದ್ದೇನೆ. ಒಂದು ಏರು ಹತ್ತುವಾಗ ಅವನ ಸೈಕಲ್ಲಿನ ಹಿಂದಿನ ಗಾಲಿ ನೆಲಕ್ಕೆ ಅಂಟಿದಂತಾಗಿ ನಿಂತಿತು. ಪಂಕ್ಚರ್. ಮುಂದಿನವರಿಗೆ ತಿಳಿಯಲಿಲ್ಲ, ಸೀಟಿ ತಿರುವಿನಾಚೆ ಸಣ್ಣದಾಗುತ್ತ ಹೋಯಿತು. ದೇವಿದಾಸ ಬಂದು, ಸೈಕಲ್ಲನ್ನು ತಲೆಕೆಳಗು ಮಾಡಿ, ಟಾಯರ್ ಎಬ್ಬಿಸಿ ಟ್ಯೂಬು ಎಳೆದ. ಟಿಫಿನ್ ಡಬ್ಬಿಗೆ ಬಾಟಲಿಯ ನೀರು ಸುರಿದು, ಟ್ಯೂಬಿನ ಒಂದೊಂದು ಗೇಣನ್ನೂ ಅದರಲ್ಲಿ ಅದ್ದುತ್ತ ಗುಳ್ಳೆ ಹುಡುಕತೊಡಗಿದ. ಆ ಬಗ್ಗಿದ ಬೆನ್ನು ನೋಡುತ್ತ ನಿಂತ ಮಹಾರುದ್ರಪ್ಪನಿಗೆ ಹೊಲಿದದ್ದೆಲ್ಲ ಬೇಸರವಾಯಿತು.

"ಅದು ಖಾಲಿ ಅದ್ರಿ, ದೇವಿದಾಸ ಸರ್."

"ಗೊತ್ತದ್ರಿ."

"ತೇಲಿದ್ದಕ್ಕ ಗೊತ್ತಾತೇನ್ರಿ?"

"ಇಲ್ರಿ. ಆವತ್ತೇ ಗೊತ್ತಿತ್ತು." ದೇವಿದಾಸ ಟ್ಯೂಬಿನ ಮೇಲೆ ಬೆರಳಿಟ್ಟ, ತೂತು ಸಿಕ್ಕಿತ್ತು. "ನೀವು ನಳದ ಹತ್ರ ನಿಂತದ್ದು ಕಿಟಕ್ಯಾಗ ಕಾಣ್ತಿತ್ತು. ಸಂಜೀಕ ಎಲ್ಲಾರೂ ಹೋದ ಮ್ಯಾಲ ಕಲ್ಲ ಎತ್ತಿದ್ನಿ. ಮೂರನೇ ಕಲ್ಲಿನ ಕೆಳಗ ಸಿಕ್ತು. ಮೊಣಕೈ ತನಕ ರಾಡ್ಯಾಗ ಕೈ ಹಾಕಿದ್ನಿ."

ಮಹಾರುದ್ರಪ್ಪ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಒಂದು ಲಾರಿ ಹೋಯಿತು, ಮೀನಿನ ವಾಸನೆ ಬಿಟ್ಟು.

"ಮರುದಿನ ಅರಿವ್ಯಾಗ ಕಟ್ಕೊಂಡು ಸಾಲಿಗೆ ತಂದಿದ್ನಿ," ಎಂದ ದೇವಿದಾಸ, ತೂತಿನ ಸುತ್ತ ರಬ್ಬರು ಉಜ್ಜುತ್ತ. "ಸ್ಟಾಫ್ ರೂಮಿನ ಬಾಗಿಲ ತನಕ ಬಂದ್ನಿ. ಎಲ್ಲಾರೂ ಕುಂತಿದ್ರು. ನಾ ಕೊಟ್ರ ನೀವು ಮತ್ತ ನಳಕ್ಕ ಹೋಗ್ತೀರಿ. ಅದನ್ನ ಎರಡನೇ ಸಲ ನೋಡೋದು ನನ್ನ ಕೈಲಿ ಆಗ್ತಿರಲಿಲ್ರಿ."

"ಎಂಟು ವರ್ಷ, ದೇವಿದಾಸ!"

"ಸಿಟ್ಟೂ ಇತ್ರಿ, ಸುಳ್ಳ್ಯಾಕ ಹೇಳ್ಲಿ? ತಾವೇ ಬಂದು ಕೇಳ್ಲಿ ಅಂತ ಇತ್ತು. ಆಮ್ಯಾಲ ಸಿಟ್ಟು ಹೋತು, ಆದ್ರ ಹ್ಯಾಂಗ ಕೊಡಬೇಕು ತಿಳೀಲಿಲ್ಲ. ನೀವು ಭಾಷಣ ಮಾಡೋವಾಗ ಪ್ರತಿ ವರ್ಷ ಅನಿಸ್ತಿತ್ತು, ಈ ವರ್ಷ ಕೇಳ್ತಾರ ಅಂತ."

"ಈಗ ಎಲ್ಲದ?"

"ಮನ್ಯಾಗ, ಘಾಟಬೋರಾಳದಾಗ. ನನ್ನ ಹೆಂಡ್ತಿ ವಿಶಾಖಾ ಇಟ್ಟಾಳ."

"ರಜಾ ಮುಗದ ಮ್ಯಾಲ ಸಾಲಿಗೆ ತರ್ತೀರೇನ್ರಿ?" ಕೇಳಿದ ಮೇಲೆ ಮಹಾರುದ್ರಪ್ಪನಿಗೆ ತನ್ನ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ದೇವಿದಾಸ ಟ್ಯೂಬು ತೂರಿಸಿ, ಪಂಪು ಜೋಡಿಸಿ, ಇಪ್ಪತ್ತು ಮೂವತ್ತು ಸಲ ಗಾಳಿ ಹೊಡೆದ. ಸೈಕಲ್ಲನ್ನು ನೇರ ಮಾಡಿ ನಿಲ್ಲಿಸಿ, ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಮೊದಲ ಸಲ ತಲೆಯೆತ್ತಿದ.

"ಇಲ್ರಿ ಸರ್. ನೀವೇ ಬಂದು ಒಯ್ಬೇಕು."

ಮುರುಡೇಶ್ವರ ಬಂತು, ಹೋಯಿತು. ಅಲ್ಲಿ ಏನು ನೋಡಿದಿರಿ ಎಂದು ಮೀರಾಬಾಯಿ ಕೇಳಿದರೆ ಅವನಿಗೆ ಹೇಳಲು ಏನೂ ಇರಲಿಲ್ಲ. ಶಾಲೆ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ಇಬ್ಬರೂ ಮೊದಲಿನ ಹಾಗೇ ಕೂತರು. ಒಂದು ಭಾನುವಾರ ಹೋಗಲಿಲ್ಲ, ಮೊಣಕಾಲು. ಎರಡನೆಯದೂ ಹೋಗಲಿಲ್ಲ, ಯಾರದೋ ಗೃಹಪ್ರವೇಶ. ಮೂರನೇ ಭಾನುವಾರ ಬೆಳಗ್ಗೆ ಬಿಲ್ವಪತ್ರೆಯನ್ನು ಬರಿ ಅಂಗೈಯ ಮೇಲಿಟ್ಟುಕೊಂಡು ಕೂತಾಗ ಅವನಿಗೆ ಆ ಕೈಯನ್ನು ನೋಡಲಾಗಲಿಲ್ಲ. ಎದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ನಬೀಸಾಬನ ಅಂಗಡಿಗೆ ಹೋಗಿ, ಪ್ರವಾಸಕ್ಕೆ ಒಯ್ದಿದ್ದ ಸೈಕಲ್ಲನ್ನೇ ಮತ್ತೆ ಬಾಡಿಗೆಗೆ ಕೇಳಿದ. "ಕ್ಯಾ ಮಾಸ್ಟರ್ ಸಾಬ್, ಸಮುಂದರ್ ನೋಡಿ ಬಂದ ಮ್ಯಾಲ ಸೈಕಲ್ಲಿನ ಶೋಕ್ ಹತ್ತೇದಲ್ರಿ ನಿಮಗ?" ಎಂದು ನಕ್ಕು, ಸೀಟು ಒರೆಸಿ ಕೊಟ್ಟ.

ತೊಗರಿ ಹೂ ಬಿಟ್ಟಿತ್ತು. ಈ ಸಲ ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಹಿಂದೆ ಚೈನಿನ ಸದ್ದಿಲ್ಲದ್ದಕ್ಕೆ ಅವನು ಎರಡು ಮೂರು ಸಲ ತಿರುಗಿ ನೋಡಿದ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದ. ದೇವಿದಾಸನ ಕೈಯಿಂದಲೇ ಇಸಿದುಕೊಳ್ಳಬೇಕು. ಎಲ್ಲರ ಎದುರು, ಬೀದಿಯ ಜನ ನೋಡುವಂತೆ, ಬಾಗಿಲಲ್ಲೇ ನಿಂತು, ಬರಿಗೈಯಲ್ಲಿ. ಆಮೇಲೆ ಅವರ ಮನೆಯ ನೀರು ಕೇಳಿ ಕುಡಿಯಬೇಕು. ಚಹಾ ಕೊಟ್ಟರೆ ಚಹಾ. ಇದನ್ನೆಲ್ಲ ನೆನೆದು ಅವನಿಗೆ ಕಣ್ಣು ತೇವವಾಯಿತು, ತನ್ನ ಬಗ್ಗೆ ಸ್ವಲ್ಪ ಅಭಿಮಾನವೂ ಆಯಿತು. ಆ ಅಭಿಮಾನ ಆದದ್ದಕ್ಕೆ ಮತ್ತೆ ನಾಚಿಕೆ.

ದೇವಿದಾಸ ಮನೆಯಲ್ಲಿರಲಿಲ್ಲ, ಮಗನನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದ. ಬಾಗಿಲಿಗೆ ಬಂದ ಹೆಂಗಸು ವಿಶಾಖಾ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳಿಗೂ ಇವನ ಹೆಸರು ಬೇಕಾಗಲಿಲ್ಲ. "ಬರ್ರಿ ಸರ್, ಕುಂದರ್ರಿ," ಎಂದು ಮಂಚದ ಮೇಲೆ ಹೊಸ ಚಾದರ ಹಾಸಿದಳು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಎರಡರ ನಡುವಿನ ಗೂಡಿನಲ್ಲಿ ಮಡಚಿಟ್ಟ ಒಂದು ಬಿಳಿ ಅರಿವೆ. ಅವನು ಕೂತ. "ನೀರು ಕೊಡ್ತೀರೇನ್ರಿ, ತಾಯಿ?" ಎಂದು ಕೇಳಿದ. ಅವಳು ಆ ಅರಿವೆಯನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗೆ ಕೊಡ ಬಗ್ಗಿಸಿದ ಸದ್ದಾಯಿತು, ನೀರು ಬಹಳ ಹೊತ್ತು ಸುರಿಯಿತು, ನಿಂತಿತು, ಮತ್ತೆ ಸುರಿಯಿತು. ಒಂದು ಲೋಟ ನೀರಿಗೆ ಇಷ್ಟೇಕೆ ಎಂದು ಮಹಾರುದ್ರಪ್ಪ ಯೋಚಿಸುತ್ತಿದ್ದ.

ಅವಳು ತಂದದ್ದು ಸ್ಟೀಲಿನ ತಾಟು. ಅದರ ನಡುವೆ ಲಿಂಗವಿತ್ತು, ಒದ್ದೆಯಾಗಿ, ಕಪ್ಪಾಗಿ, ಅವನು ನೆನಪಿಟ್ಟುಕೊಂಡದ್ದಕ್ಕಿಂತ ಸಣ್ಣದಾಗಿ.

"ತೊಳದು ತಂದೇನ್ರಿ ಸರ್," ಎಂದಳು ವಿಶಾಖಾ. "ಮೂರು ಸಲ ತೊಳದೇನಿ. ಕೈ ಹಚ್ಚಿಲ್ರಿ, ಅರಿವೀಲೇ ಹಿಡದೇನಿ. ನೀವು ಬಂದ್ರ ಹ್ಯಾಂಗ ಕೊಡಬೇಕಂತ ಈ ಮನಿಗೆ ಬಂದಾಗಿಂದ ವಿಚಾರ ಮಾಡಾಕತ್ತಿದ್ನಿ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ ಮಹಾರುದ್ರಪ್ಪ. ದಾರಿಯುದ್ದಕ್ಕೂ ಜೋಡಿಸಿದ ಮಾತನ್ನೆಲ್ಲ ಬಿಟ್ಟು ಎಡಗೈ ಚಾಚಿದ. "ಕೈಯಾಗ ಇಡ್ರಿ, ತಾಯಿ," ಎಂದ. "ನಿಮ್ಮ ಕೈಲೇ ಇಡ್ರಿ."

ವಿಶಾಖಾ ಆ ಅಂಗೈಯನ್ನು ನೋಡಿದಳು. ಬಗ್ಗಿ, ತಾಟನ್ನು ಮಂಚದ ತುದಿಯಲ್ಲಿ, ಅವನಿಂದ ಒಂದು ಮೊಳ ದೂರದಲ್ಲಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ತೊಗೋರಿ ಸರ್," ಎಂದಳು. "ಮತ್ತ ತೊಳಿಯೋ ತ್ರಾಸು ನಿಮಗ್ಯಾಕ?"